ಹನ್ನೊಂದನೇ ನಡೆ

ನವನಗರ, ಸಮುದಾಯ ಭವನ, ಮೂರನೇ ಸುತ್ತು, ಐದನೇ ಟೇಬಲ್.
ಎದುರಿಗೆ ಸಮೀನಾ ಗೌಂಡಿ, ಏಳನೇ ಇಯತ್ತೆ,
ಕುರ್ಚಿ ಮ್ಯಾಲ ಒಂದು ಕಾಲು ಮಡಚಿ ಕುಂತಾಕಿ.
ನನಗ ಅರವತ್ತನಾಕು.
ಹಲಗಿಗೂ ಅಷ್ಟೇ ಮನಿ.

ಈಗ ರಾತ್ರಿ. ನಡೆ ಬರದ ಚೀಟಿ ಮುಂದ ಇಟಗೊಂಡು
ಮತ್ತ ಮೊದಲಿಂದ ಹೂಡೇನಿ ಆಟ.
ಕರೀ ಒಂಟಿ ಒಂದು ಕಳದೈತಿ, ಅದರ ಜಾಗಾದಾಗ
ಕಣ್ಣಿನ ಔಷಧದ ಮುಚ್ಚಳ.

ಎರಡನೇ ನಡೆಗೇ ಅಕಿ ರಾಜನ ಬಾಗಲಾ ತಗದು
ಕಾವಲು ಪ್ಯಾದೆನ್ನ ತಂದು ನನ್ನ ಮುಂದ ಇಟ್ಟಳು,
ತಗೋರಿ ಅಂದಂಗ.
ಹೊಡದೆ.
ಅಕಿ ಕುದುರಿ ಮ್ಯಾಲ ನನ್ನ ಪ್ಯಾದೆ ಏರಿ ಹೋತು.
ಓಡಿಸಬೇಕಲ್ಲ ಕುದುರಿನ್ನ? ಓಡಿಸಲಿಲ್ಲ.
ತನ್ನ ರಾಜನ್ನ ಕೋಟ್ಯಾಗ ಕೂಡಿಸಿ
ಚೀಟ್ಯಾಗ ಎರಡು ಸೊನ್ನಿ ಬರದು
ನೀರಿನ ಬಾಟ್ಲಿ ಬಿಚ್ಚಿ ಗಟಗಟ ಕುಡದಳು.
ಕುದುರಿ ಹೊಡದೆ.

ಮತ್ತೊಂದು ಪ್ಯಾದೆ. ಹೊಡದೆ.
ಒಂಟಿ ಹಾರಿ ಬಂದು ನನ್ನ ರಾಜನ ಮಗ್ಗಲಕ್ಕ ಬಿತ್ತು, ಚೆಕ್.
ರಾಜನೇ ಮನಿ ಬಿಟ್ಟು ಹೊರಗ ಬಂದು ಹೊಡದ.
ಒಂಬತ್ತರಾಗ ಇನ್ನೊಂದು ಪ್ಯಾದೆ.
ರಾಣಿಲೆ ಹೊಡದೆ, ತಿರುಗಿ ನಾನೇ ಚೆಕ್ ಕೊಟ್ಟೆ.
ಬಾಜೂ ಟೇಬಲ್ಲಿನ ಹುಲ್ಯಾಳ ಮಾಸ್ತರ ಬಗ್ಗಿ ನೋಡಿ
'ಎಲ್ಲಾ ನಿಮಗ ಬಂತಲ್ರೀ' ಅಂದ.

ಬರೋದು ನನಗ ರೂಢಿ.
ಮೂವತ್ತು ವರ್ಷ ಪುನರ್ವಸತಿ ಕಚೇರಿ ಗುಮಾಸ್ತ,
ಮುಳುಗಡಿ ಮನಿ ಅಳದಾವ ನಾನು.
ಪಡಸಾಲಿ ಹದಿನೆಂಟಡಿ. ಹಗೇವು ಒಂದು. ಬೇವಿನ ಗಿಡ ಒಂದು.
ಕಲ್ಲಿನ ಗ್ವಾದಲಿ, ಲೆಕ್ಕಕ್ಕಿಲ್ಲ.
ಕಡೀ ಕಾಲಮ್ಮಿಗೆ ಪರಿಹಾರ ಅಂತ ಹೆಸರು.
ಆಟದಾಗೂ ಅದೇ ಮಾತು: ಕಾಯಿ ಕೊಟ್ಟಾವಗ
ಬ್ಯಾರೆ ಏನರ ಸಿಗಬೇಕು, ಬಯಲು, ದಾರಿ, ವ್ಯಾಳ್ಯಾ.
ಅಕಿಗೆ ಎಷ್ಟು ಸಿಕ್ಕೈತಿ ಅಂತ ನಾ ಅಳೀಲೇ ಇಲ್ಲ.
ನನ್ನ ಆನಿ ಕುದುರಿ ಹುಟ್ಟಿದಲ್ಲೇ ನಿಂತಿದ್ದವು,
ರಾಣಿ ಒಬ್ಬಾಕಿನ ಊರೆಲ್ಲಾ ತಿರಗಿ ವಸೂಲಿ.

ಹತ್ತು: ಆ ಕಡೆ ಅಂಚಿನ ಪ್ಯಾದೆ. ಹೊಡದೆ.
ನನ್ನ ಮೊದಲನೇ ಲೂಟಿ ಮಾಡಿದ್ದ ಪ್ಯಾದೆನ್ನ
ಅಕಿ ಉಳದ ಒಂಟಿ ನುಂಗಿತು. ನುಂಗಲಿ ಅಂದೆ.
ಹನ್ನೊಂದು: ಮೂಲ್ಯಾಗ ಆನಿ, ಕಾಯೋರಿಲ್ಲದ್ದು.
ಹೊಡದೆ.

ಆಮ್ಯಾಲ ಆ ಒಂಟಿ ಒಂದೇ ಮನಿ ಸರೀತು.
ಅದರ ಬೆನ್ನಿಗಿದ್ದ ಅಕಿ ರಾಣಿಗೆ ನನ್ನ ರಾಜ ಕಂಡ.
ಒಂಟಿಗೆ, ದೂರದ ಮೂಲ್ಯಾಗ, ನನ್ನ ರಾಣಿ.

ಕೈ ಕುಲುಕಿದ ಮ್ಯಾಲೆ ಬೆರಳು ಮಡಚಿ ಎಣಿಸಿದಳು.
'ಏಳು ಕೊಟ್ಟೇನ್ರಿ ಸರ.'
ಬಡಿವಾರ ಇರಲಿಲ್ಲ ದನಿಯಾಗ.
'ನಾಕಕ್ಕ ನಿಂದರತೀರಿ ಅನಕೊಂಡಿದ್ದೆ.'

ಈಗ ಹತ್ತಕ್ಕ ರಾಣಿನ್ನ ಹಿಂದ ಕರದು ನೋಡತೇನಿ.
ಅಕಿ ಒಂಟಿ ತಿನ್ನೋದು ತಿಂತೈತಿ.
ಹನ್ನೊಂದಕ್ಕ ನನ್ನ ರಾಜ ಏನೂ ಹೊಡೀದ
ತನ್ನ ಮೊದಲಿನ ಮನಿಗೆ ಹೋಗಿ ನಿಂದರತಾನ.
ಇದು ಇತ್ತು. ಚೀಟಿ ಮ್ಯಾಲ ಪೆನ್ಸಿಲ್ಲಿಲೆ ಬರದೆ.

ಬ್ಯಾಸಗ್ಯಾಗ ಹಿನ್ನೀರು ಇಳದಾಗ ಕಿಲ್ಲೇದ ಮಂದಿ ಹೋಗತಾರಂತ,
ತಮ್ಮ ತಮ್ಮ ಬುನಾದಿ ಹುಡುಕಿ, ಅಲ್ಲೇ ಕುಂತು
ಬುತ್ತಿ ಬಿಚ್ಚತಾರಂತ.
ನಾ ಹೋಗಿಲ್ಲ. ಯಾವುದು ಯಾರದು
ಅಂತ ಕೇಳಿದರ ಇನ್ನೂ ಹೇಳಬಲ್ಲೆ.

ರಾಜ ಮನ್ಯಾಗ ಕುಂತ, ಗೆದ್ದಂಗೇನಲ್ಲ.
ಅಕಿ ಎರಡನೇ ಕುದುರಿ ಇನ್ನೂ ಎದ್ದಿಲ್ಲ,
ಎದ್ದರ ಎರಡು ಜಿಗಿತಕ್ಕ ನಡು ಹಲಗಿ.
ಮುಚ್ಚಳದ ಒಂಟಿನ್ನ ಅಡ್ಡ ಇಟ್ಟೆ.
ಸಾಲಲಿಲ್ಲ.
ತಗದು, ಮತ್ತೊಂದು ಕಡೆ ಇಟ್ಟೆ.